ಲ್ಯಾಟಿನ್ ಮಾಸ್ತರರ ಮೂಲೆ ಹರಿದ ಕಾರ್ಡು

ಮೊದಲೇ ಹೇಳಿಬಿಡುತ್ತೇನೆ, ಆ ಕಾರ್ಡಿನ ಮೇಲಿನ ಅಕ್ಷರ ನನ್ನದು. ಇಷ್ಟು ವರ್ಷವಾದರೂ ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡವರು "ಮಾಸ್ತರ, ಇವತ್ತ ಯಾರಿಗೆ ಕಾರ್ಡ್ ಬರದ್ರಿ?" ಎಂದು ಕೇಳಿ ಹಲ್ಲು ಕಿಸಿಯುತ್ತಾರೆ. ಕಿಸಿಯಲಿ. ನಾನು ಡ್ರಾಯಿಂಗ್ ಮಾಸ್ತರ ಅಯ್ಯಣ್ಣ. ನನ್ನ ಅಕ್ಷರ ಇಡೀ ತಾಲೂಕಿಗೇ ಚಂದ ಎಂದು ದೊಡ್ಡ ದೊಡ್ಡವರು ಹೇಳಿದ್ದಾರೆ. ಅಂಥ ಅಕ್ಷರ ಒಬ್ಬ ಜೀವಂತ ಮನುಷ್ಯನನ್ನು ಅರ್ಧ ದಿನದ ಮಟ್ಟಿಗೆ ಸಾಯಿಸಿತೆಂದರೆ ತಪ್ಪು ಅಕ್ಷರದ್ದಲ್ಲ, ಲ್ಯಾಟಿನ್ ಭಾಷೆಯದು.

ಸತ್ತವರು ನಮ್ಮ ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದ ಗೋಪಾಲಕೃಷ್ಣಾಚಾರ್ಯರು. ಪಕ್ಕದ ಮನೆಯವರು, ನನಗೂ ಅವರಿಗೂ ನಡುವೆ ಒಂದೇ ಗೋಡೆ. ತೆಳ್ಳಗಿನ ಮನುಷ್ಯ, ದೊಡ್ಡ ಕನ್ನಡಕ, ಎದುರಿಗೆ ಯಾರಾದರೂ ಕೆಮ್ಮಿದರೆ ತಾವೇ ಕ್ಷಮೆ ಕೇಳುವಷ್ಟು ಸಂಕೋಚ. ಇಂಥವರು ೧೯೭೮ರಲ್ಲಿ ಒಮ್ಮೆ ರಾಯಚೂರಿಗೆ ಹೋದಾಗ ತೀನ್ ಕಂದೀಲ್ ಚೌಕದ ಹತ್ತಿರ ನೂರ್ ಬೀಯ ಅಂಗಡಿಯಲ್ಲಿ ಶೇಂಗಾ ಕೊಂಡರು. ನೂರ್ ಬೀ ಹಳೆಯ ರದ್ದಿ ತೂಕಕ್ಕೆ ಕೊಂಡು ಅದರಲ್ಲೇ ಪೊಟ್ಟಣ ಕಟ್ಟುತ್ತಿದ್ದಳು. ಶೇಂಗಾ ತಿಂದು ಮುಗಿಸಿ ಆಚಾರ್ಯರು ಪೊಟ್ಟಣ ಬಿಚ್ಚಿ ನೋಡಿದರೆ ಅದೊಂದು ಲ್ಯಾಟಿನ್-ಇಂಗ್ಲಿಷ್ ನಿಘಂಟಿನ ಹಾಳೆ. ಇನ್ನಷ್ಟು ಇದ್ದರೆ ಕೊಡು ಎಂದು ಹಲ್ಲು ಗಿಂಜಿದಾಗ ಆಕೆ ಸುತಳಿ ಕಟ್ಟಿದ ಒಂದು ಹಿಡಿ ಹಾಳೆ ಎಸೆದಳು. ಇಪ್ಪತ್ತಮೂರು ಹಾಳೆ. ಎಲ್ಲವೂ ಡಿ ಅಕ್ಷರದವು.

ನಮ್ಮ ಸೀಮೆಯಲ್ಲಿ ಕನ್ನಡ ಅದ, ಉರ್ದು ಅದ, ತೆಲುಗು ಅದ. ಮದುವೆಯಲ್ಲಿ ಮಂತ್ರಕ್ಕೆ ಸಂಸ್ಕೃತ, ಶಾಲೆಯಲ್ಲಿ ಬೈಯಲಿಕ್ಕೆ ಇಂಗ್ಲಿಷ್. ಇಷ್ಟು ಸಾಲದೆಂದು ಯಾವ ಬುದ್ಧಿವಂತನಾದರೂ ಲ್ಯಾಟಿನ್ ಕಲಿಯುತ್ತಾನೆಯೇ? ಆಚಾರ್ಯರು ಕಲಿತರು. ಅದೂ ಎಂಥದು! ಆ ಹಾಳೆಗಳ ತುಂಬ ಇದ್ದದ್ದು ಕೀಳುವ, ಹರಿಯುವ, ಎಳೆದು ಬೇರೆ ಮಾಡುವ ಕ್ರಿಯಾಪದಗಳೇ. ಒಂದೊಂದಕ್ಕೂ ಮೊದಲು ಕೈಯಿಂದ ಮಾಡುವ ಅರ್ಥ, ಆಮೇಲೆ ಮನಸ್ಸಿಗೆ ಆಗುವ ಅರ್ಥ. ದಿಸ್ತ್ರಾಹೊ ಎಂದರೆ ಹಿಡಿದೆಳೆದು ಬೇರೆ ಮಾಡು. ಆಮೇಲೆ, ಮನಸ್ಸನ್ನು ನಾಲ್ಕು ಕಡೆ ಎಳೆದಾಡು. ದಿಸ್ಕೆರ್ಪೊ ಎಂದರೆ ಚೂರು ಚೂರು ಮಾಡು; ಆಮೇಲೆ, ಮಾತಿನಿಂದಲೇ ಹರಿದು ಹಾಕು. ದಿರಿಪಿಯೊ ಎಂದರೆ ಸೀಳು. ಆಮೇಲೆ, ಕೊಳ್ಳೆ ಹೊಡೆ. ಇವನ್ನೆಲ್ಲ ಅವರು ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಸಂಧ್ಯಾವಂದನೆಯ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದರು. ಗೋಡೆಯ ಈಚೆ ನನ್ನ ಹೆಂಡತಿ ಪಾರ್ವತೆಮ್ಮನಿಗೂ ಬಾಯಿಪಾಠವಾಯಿತು.

ಊರಿಗೆ ಗೊತ್ತಾಗಲು ಎಷ್ಟು ಹೊತ್ತು? ಮುಖ್ಯೋಪಾಧ್ಯಾಯ ಯಮನೂರಪ್ಪನವರಂತೂ ಉಬ್ಬಿಹೋದರು. ಇನ್ಸ್‌ಪೆಕ್ಷನ್‌ಗೆ ಬಂದ ಸಾಹೇಬರ ಮುಂದೆ "ನಮ್ಮ ಶಾಲಿಯಾಗ ಲ್ಯಾಟಿನ್ ಬಲ್ಲವರದಾರ್ರಿ ಸರ್" ಎಂದು ಆಚಾರ್ಯರನ್ನು ನಿಲ್ಲಿಸಿದರು. ಆಚಾರ್ಯರು ಐದು ಕ್ರಿಯಾಪದ ಒಂದೇ ಉಸಿರಿನಲ್ಲಿ ಒದರಿದರು. ಸಾಹೇಬರು ಕಣ್ಣು ಮುಚ್ಚಿ ಕೇಳಿ, "ಉಚ್ಚಾರ ಚಲೋ ಅದ" ಎಂದು ಷರಾ ಬರೆದು ಹೋದರು. ಅಂದಿನಿಂದ ಅವರು ಲ್ಯಾಟಿನ್ ಮಾಸ್ತರರಾದರು.

ಇದನ್ನು ತಮಾಷೆಯಾಗಿ ಸಹಿಸಿಕೊಂಡವರು ಅವರ ಹೆಂಡತಿ ಕಾವೇರಿಬಾಯಿ ಒಬ್ಬರೇ. ಅಡುಗೆಮನೆಯಲ್ಲಿ ಮೆಂತ್ಯೆಸೊಪ್ಪು ಬಿಡಿಸುತ್ತ, "ಇದಕ್ಕೇನಂತಾರ್ರಿ ನಿಮ್ಮ ಭಾಷಾದಾಗ?" ಎಂದು ಕೇಳುವರು. "ದಿಸ್ಕೆರ್ಪೊ" ಎಂದು ಗಂಡ. "ನಾ ತವರುಮನಿಗೆ ಹೋದ್ರ?" "ದಿವೆಲ್ಲೊ. ಪ್ರೀತಿಯವರನ್ನ ಬಲವಂತದಿಂದ ಕಿತ್ತು ದೂರ ಮಾಡೋದು." ಆಮೇಲೆ ಗೋಡೆಯಾಚೆ ಬಳೆಯ ಸದ್ದಷ್ಟೇ ಕೇಳುತ್ತಿತ್ತು. ಒಂದು ದಿನ ಕಾವೇರಿಬಾಯಿ, "ಬರೇ ಹರಿಯೋದ ಆತಲ್ಲರೀ, ಕೂಡಿಸೋ ಮಾತ ಇಲ್ಲೇನು ಅವರ ಕಡೆ?" ಎಂದರು. "ಇರತಾವ. ಅವು ಸಿ ಅಕ್ಷರದಾಗ ಇರತಾವ. ಆ ಹಾಳಿ ನನಗ ಸಿಕ್ಕಿಲ್ಲ" ಎಂದು ಆಚಾರ್ಯರು ನಿಜವಾಗಿಯೂ ನೊಂದುಕೊಂಡು ಹೇಳಿದರು. ಪಾರ್ವತೆಮ್ಮ ನನ್ನನ್ನು ನೋಡಿ, "ನೀವು ಇಪ್ಪತ್ತ ವರ್ಷದಾಗ ನನ್ನ ಕೂಡ ಇಷ್ಟು ಮಾತಾಡೀರೇನು?" ಎಂದು ಕೇಳಿದಳು. ನಾನು ಬ್ರಶ್ಶು ತೊಳೆಯಲು ಎದ್ದೆ.

ಕೆಟ್ಟದ್ದು ಮರುವರ್ಷ ದೇವದುರ್ಗದಲ್ಲಿ. ಕಾವೇರಿಬಾಯಿಯ ತಮ್ಮ ಹನುಮಂತನಿಗೆ ರಾಯಚೂರಿನಿಂದ ಹೆಣ್ಣಿನ ಕಡೆಯವರು ಮಾತುಕತೆಗೆ ಬಂದಿದ್ದರು. ಆಚಾರ್ಯರು ಅಳಿಯನಾದ್ದರಿಂದ ಜಮಖಾನೆಯ ನಟ್ಟನಡುವೆ ಕೂತಿದ್ದರು. ಎಲೆ ಅಡಿಕೆ ಕೈಬದಲಾಗುವ ಹೊತ್ತಿಗೆ ಹುಡುಗಿಯ ತಂದೆ, "ನಿಮ್ಮ ಅಳಿಯಂದ್ರು ಲ್ಯಾಟಿನ್ ಬಲ್ಲರಂತಲ್ಲ, ಈ ಶುಭ ಕಾಲಕ್ಕ ಒಂದು ಶಬ್ದ ಹೇಳಲಿ" ಎಂದರು. ಆಚಾರ್ಯರಿಗೆ ಬೆವರು ಕಿತ್ತುಕೊಂಡಿತು. ಆ ಗಳಿಗೆಗೆ ನೆನಪಿಗೆ ಬಂದದ್ದೇ ಐದಾರು ಶಬ್ದ. ಅವುಗಳಲ್ಲಿ ಮದುವೆಯ ಪ್ರಸ್ತಾಪವಿದ್ದದ್ದು ಒಂದೇ ಒಂದು. ಅದನ್ನೇ ಹೇಳಿದರು: "ದಿರಿಮೊ."

"ಆಹಾ!" ಎಂದರು ಎಲ್ಲರೂ. ಪುರೋಹಿತರು ಅಕ್ಷತೆ ಹಾಕಿದರು. ಹುಡುಗಿಯ ತಂದೆ ಕಿಸೆಯಿಂದ ಪೆನ್ನು ತೆಗೆದು ಶಬ್ದವನ್ನು ಬರೆದುಕೊಂಡು, "ಅರ್ಥ?" ಎಂದು ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ಆಯುರಾರೋಗ್ಯ, ಸಂತಾನಪ್ರಾಪ್ತಿ ಎಂದು ಏನೋ ಒಂದು ಹೇಳಿ ಪಾರಾಗುತ್ತಿದ್ದರು. ಇವರು ಮಾಸ್ತರರು. ಕೇಳಿದ ಪ್ರಶ್ನೆಗೆ ತಪ್ಪು ಉತ್ತರ ಕೊಡುವುದು ಅವರ ಜಾಯಮಾನದಲ್ಲೇ ಇಲ್ಲ. "ಕೂಡಿದ್ದನ್ನ ಬೇರೆ ಮಾಡೋದು. ವಿಶೇಷಾರ್ಥದಾಗ, ನಿಶ್ಚಯ ಆದ ಮದುವಿ ಮುರಿಯೋದು" ಎಂದರು.

ಹುಡುಗಿಯ ತಂದೆ ಪೆನ್ನಿಗೆ ಮುಚ್ಚಳ ಹಾಕಿ ಎದ್ದರು. ಅವರ ಹಿಂದೆ ಹದಿನೇಳು ಜನ ಎದ್ದರು. ಕಾವೇರಿಬಾಯಿಯ ತಂದೆ ವೆಂಕೋಬಾಚಾರ್ಯರು ಟಾಂಗಾದ ತನಕ ಓಡಿ ಕೈಮುಗಿದರೂ ಅವರು ತಿರುಗಿ ನೋಡಲಿಲ್ಲ. ಒಳಗೆ ಹನುಮಂತ ಹೊಸ ಧೋತರದಲ್ಲೇ ಗೋಡೆಗೆ ಮುಖ ಮಾಡಿ ಕೂತಿದ್ದ. ತಮ್ಮನನ್ನು ನೋಡಿ ಕಾವೇರಿಬಾಯಿಗೆ ತಡೆಯಲಾಗಲಿಲ್ಲ. ಬಂಧುಗಳೆಲ್ಲರ ಎದುರಿಗೆ ಗಂಡನಿಗೆ, "ನನ್ನ ತಮ್ಮನ ಲಗ್ನ ನಿಶ್ಚಯ ಆಗೋ ತನಕಾ ನಾ ಮಾನ್ವಿಗೆ ಬರಂಗಿಲ್ಲ. ನೀವು, ನಿಮ್ಮ ಲ್ಯಾಟಿನ್ನು ಇಬ್ಬರೂ ಆರಾಮಿರ್ರಿ" ಎಂದುಬಿಟ್ಟರು. ಸಿಟ್ಟಿನ ಮಾತು ಸಂಜೆಗೆ ಇಳಿಯುತ್ತಿತ್ತು. ಆದರೆ ಅಷ್ಟು ಜನರ ಎದುರಿಗೆ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಆಚಾರ್ಯರು ಒಬ್ಬರೇ ಬಸ್ಸು ಹತ್ತಿ ಬಂದರು.

ಮುಂದಿನ ಐದು ತಿಂಗಳು ನಾನು ಕಂಡದ್ದನ್ನು ಹೇಳಿದರೆ ನೀವು ನಂಬುವುದಿಲ್ಲ. ಬಾವಿಕಟ್ಟೆಯ ಪಾಠ ನಿಂತುಹೋಯಿತು. ಆಚಾರ್ಯರು ಎರಡು ಲೋಟ ಚಹಾ ಮಾಡಿ, ಒಂದನ್ನು ಕುಡಿದು, ಇನ್ನೊಂದರ ಎದುರಿಗೆ ಸುಮ್ಮನೆ ಕೂಡುತ್ತಿದ್ದರು. ಸಂಜೆ ದೇವದುರ್ಗದ ಬಸ್ಸು ಬರುವ ಹೊತ್ತಿಗೆ ತರಕಾರಿ ತರುವ ನೆವದಿಂದ ಬಸ್‌ಸ್ಟ್ಯಾಂಡಿಗೆ ಹೋಗಿ ತರಕಾರಿ ಇಲ್ಲದೆ ಮರಳುತ್ತಿದ್ದರು. ಒಮ್ಮೆ ನಾನೇ ರೇಗಿ, "ಹೋಗಿ ಕರಕೊಂಡು ಬರಬಾರದೇನ್ರಿ?" ಎಂದೆ. "ಯಾವ ಮುಖ ಇಟಗೊಂಡು ಹೋಗ್ಲಿ ಅಯ್ಯಣ್ಣ? ಹನುಮಂತನ ಮುಖ ನೋಡೀರೇನು ನೀವು?" ಎಂದರು. ಅವರಿಗೆ ಆಕೆಯ ನೆನಪಿನಿಂದ ಜೀವ ಹಿಂಡುತ್ತಿತ್ತು, ಬಾಯಿಬಿಟ್ಟು ಹೇಳಲು ಮಾತ್ರ ಬರುತ್ತಿರಲಿಲ್ಲ.

ಕಾಗದ ಬರೆಯಬಹುದಿತ್ತಲ್ಲ ಎನ್ನುವಿರಿ. ಬರೆದರು. ವೆಂಕೋಬಾಚಾರ್ಯರ ಮನೆಯ ಪದ್ಧತಿ ಹೇಗೆಂದರೆ, ಯಾರಿಗೇ ಕಾಗದ ಬಂದರೂ ಯಜಮಾನರು ಅದನ್ನು ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಓದಬೇಕು. ಇದು ಗೊತ್ತಿದ್ದೇ ಆಚಾರ್ಯರು ಉಭಯ ಕುಶಲೋಪರಿ ಎಲ್ಲ ಬರೆದು, ಕೊನೆಗೆ ಹೆಂಡತಿಗೊಬ್ಬಳಿಗೇ ತಿಳಿಯಲೆಂದು "ದಿವೆಲ್ಲೊ" ಎಂದು ಸೇರಿಸಿದರು. ಮುದುಕರು ಅದನ್ನೂ ಓದಿದರು. ಓದಿ, "ಇನ್ನ ಯಾರ ಲಗ್ನ ಮುರೀಲಿಕ್ಕೆ ಹೊಂಟಾರ ಇವರು?" ಎಂದು ಗುಡುಗಿದರು. ಕಾವೇರಿಬಾಯಿಗೆ ಅರ್ಥ ಗೊತ್ತಿತ್ತು. ಅಪ್ಪನೆದುರಿಗೆ ಅದನ್ನು ಹೇಳುವುದು ಹೇಗೆ? ಒಳಗೆ ಹೋಗಿ ಒಲೆಯ ಮುಂದೆ ಕೂತು ಹೊಗೆಯ ನೆವದಿಂದ ಅತ್ತರಂತೆ. ಇನ್ನು ಮೇಲೆ ಅಳಿಯನ ಅಕ್ಷರ ಕಂಡರೆ ಓದದೆ ವಾಪಸು ಕಳಿಸಬೇಕೆಂದು ಮುದುಕರು ಟಪಾಲಿನ ಮೌಲಾಹುಸೇನನಿಗೆ ತಾಕೀತು ಮಾಡಿದರು. ಎರಡನೆಯ ಕಾಗದ ಹಾಗೆಯೇ ವಾಪಸು ಬಂತು.

ಆಗಲೇ ನಾನು ಬುದ್ಧಿವಂತಿಕೆ ಮಾಡಿದ್ದು. "ಅವರಿಗೆ ನಿಮ್ಮ ಅಕ್ಷರ ಆಗಂಗಿಲ್ಲಲ್ಲ, ನಾ ಬರೀತೀನಿ, ನೀವು ಹೇಳ್ರಿ" ಎಂದು ಕಾರ್ಡು ಹಿಡಿದು ಕೂತೆ. ಆಚಾರ್ಯರು ಕಾಲು ಗಂಟೆ ತಲೆ ಕೆರೆದುಕೊಂಡು ಹೇಳಿದ್ದು ಇಷ್ಟು: ಇಲ್ಲಿ ಕ್ಷೇಮ. ಕಾಲುವೆಗೆ ನೀರು ಬಿಟ್ಟಿದ್ದಾರೆ. ಉಪ್ಪಿನಕಾಯಿ ಭರಣಿ ಎಲ್ಲಿದೆಯೋ ತಿಳಿಸುವುದು. ನಾನು "ಇಷ್ಟೇ?" ಎಂದೆ. "ಇಷ್ಟ" ಎಂದು ಅವರು ಕಾರ್ಡು ಇಸಿದುಕೊಂಡು ಹೋದರು.

ಆಮೇಲೆ ನಡೆದದ್ದನ್ನು ಅವರೇ ಹೇಳಿ ತಿಳಿದುಕೊಂಡೆ. ಟಪಾಲು ಡಬ್ಬಿಯ ಮುಂದೆ ನಿಂತಾಗ ಅವರಿಗೆ ಧೈರ್ಯ ಬಂತಂತೆ. ಪೆನ್ಸಿಲು ತೆಗೆದು ಕಾರ್ಡಿನ ಕೆಳಗಿನ ಮೂಲೆಯಲ್ಲಿ ತಮ್ಮ ಕೈಯಾರೆ, ಈ ಸಲ ಲ್ಯಾಟಿನ್ನಿನಲ್ಲಲ್ಲ, ಕನ್ನಡದಲ್ಲೇ ಒಂದು ಮಾತು ಬರೆದರು. ಬರೆದ ಮೇಲೆ ಮಾವನವರು ಪಡಸಾಲೆಯಲ್ಲಿ ಕೂತು ಅದನ್ನು ಗಟ್ಟಿಯಾಗಿ ಓದುವುದು, ಅತ್ತೆ, ನಾದಿನಿಯರು, ಹಾಲಿನವಳು ಎಲ್ಲರೂ ಕೇಳುವುದು ಕಣ್ಣಿಗೆ ಕಟ್ಟಿತು. ಧೈರ್ಯ ಅಲ್ಲೇ ಇಳಿದುಹೋಯಿತು. ಆ ಮೂಲೆಯನ್ನು ಚರ್ರೆಂದು ಹರಿದು ಕಿಸೆಗೆ ಹಾಕಿಕೊಂಡು, ಉಳಿದ ಕಾರ್ಡನ್ನು ಡಬ್ಬಿಗೆ ಹಾಕಿ ಮನೆಗೆ ಬಂದರು.

ನಮ್ಮ ಕಡೆ ಮೂಲೆ ಹರಿದ ಕಾರ್ಡೆಂದರೆ ಏನೆಂದು ಕೂಸಿಗೂ ಗೊತ್ತು. ಶುಭದ ಕಾಗದಕ್ಕೆ ಅರಿಶಿನ ಹಚ್ಚುತ್ತಾರೆ, ಸಾವಿನ ಸುದ್ದಿಯ ಕಾರ್ಡಿಗೆ ಮೂಲೆ ಹರಿಯುತ್ತಾರೆ. ಅಂಥದ್ದನ್ನು ಹೊಸ್ತಿಲ ಹೊರಗೇ ನಿಂತು ಓದಿ, ಅಲ್ಲೇ ಹರಿದೆಸೆದು, ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಆಚಾರದ ಮನೆತನದಲ್ಲಿ ಹುಟ್ಟಿ, ಪಂಚಾಂಗ ನೋಡದೆ ಉಗುರು ತೆಗೆಯದ ಮನುಷ್ಯನಿಗೆ ಆ ಗಳಿಗೆಯಲ್ಲಿ ಇದು ಹೊಳೆಯಲಿಲ್ಲವಲ್ಲ!

ಕಾರ್ಡು ದೇವದುರ್ಗ ಮುಟ್ಟಿದ್ದು ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ. ಅಂದೇ ಹನುಮಂತನಿಗೆ ಗಬ್ಬೂರಿನಿಂದ ಹೊಸ ಸಂಬಂಧದವರು ಬಂದಿದ್ದರು. ಎಲೆ ಹಾಕಿ, ಅನ್ನ ಬಡಿಸಿ, ತುಪ್ಪ ಬೀಳುವುದೊಂದು ಬಾಕಿ. ಮೌಲಾಹುಸೇನ ಕಟ್ಟೆಯ ಕೆಳಗೇ ನಿಂತು, ಕಾರ್ಡನ್ನು ಎರಡು ಬೆರಳಲ್ಲಿ ತುದಿ ಹಿಡಿದು, "ಆಚಾರ್ರೇ, ಸ್ವಲ್ಪ ಹೊರಗ ಬರ್ರಿ" ಎಂದ. ವೆಂಕೋಬಾಚಾರ್ಯರು ತುಪ್ಪದ ಗಿಂಡಿಯ ಸಮೇತ ಬಂದರು. ಮೂಲೆ ಇಲ್ಲ. ಮಾನ್ವಿಯ ಠಸ್ಸೆ. ಅಕ್ಷರ ಅಳಿಯನದಲ್ಲ, ಯಾರೋ ಪರಕೀಯರದು, ಅದೂ ಗುಂಡಗಿನ, ಅಚ್ಚುಕಟ್ಟಾದ ಅಕ್ಷರ. ಮಾನ್ವಿಯಲ್ಲಿ ಅವರಿಗೆ ಅಳಿಯನನ್ನು ಬಿಟ್ಟರೆ ಬೇರೆ ಯಾರಿದ್ದಾರೆ?

"ಓದಬ್ಯಾಡ" ಎಂದರು ಮುದುಕರು.

"ನಾ ಇಂಥಾ ಕಾರ್ಡ್ ಎಂದೂ ಓದಂಗಿಲ್ರಿ ಆಚಾರ್ರೇ" ಎಂದ ಮೌಲಾಹುಸೇನ.

"ನಾನೂ ಓದಂಗಿಲ್ಲ. ಶಾಸ್ತ್ರ ಏನು ಹೇಳ್ತದ? ಮೈಲಿಗಿ ಸತ್ತಾಗ ಹತ್ತಂಗಿಲ್ಲ, ಸುದ್ದಿ ತಿಳಿದಾಗ ಹತ್ತತದ. ಈಗ ಓದಿದೆ ಅಂದ್ರ ಎಲಿ ಮ್ಯಾಲಿನ ಅನ್ನ ಚೆಲ್ಲಬೇಕು, ಬೀಗರು ಏಳಬೇಕು. ಎರಡನೇ ಸಲ ನನ್ನ ಮಗನ ಲಗ್ನ ಮುರೀತದ. ಉಂಡು, ತಾಂಬೂಲ ಬದಲಾದ ಮ್ಯಾಲೆ ಓದ್ತೀನಿ. ಅಲ್ಲಿತನಕಾ ನನಗೇನೂ ತಿಳಿದಿಲ್ಲ. ನಿನಗೂ ತಿಳಿದಿಲ್ಲ."

ಹೀಗೆ ಹೇಳಿ ಕಾರ್ಡನ್ನು ಮುಟ್ಟದೆ ಅವನ ಕೈಯಿಂದಲೇ ಮುಂಬದಿಯ ಸೂರಿನ ಸಂದಿಗೆ ಸಿಕ್ಕಿಸಿ ಒಳಗೆ ಹೋದರು. ಏನೂ ತಿಳಿಯದ ಆ ಮುದುಕರು ಮೊದಲ ಬೀಗರ ಎಲೆಗೆ ಹಾಕಬೇಕಾದ ತುಪ್ಪವನ್ನು ಅವರ ಮೊಣಕಾಲ ಮೇಲೆ ಹಾಕಿದರು. ಎರಡನೆಯವರಿಗೆ ತುಪ್ಪವನ್ನೇ ಹಾಕಲಿಲ್ಲ. ಕಣ್ಣಲ್ಲಿ ನೀರು ತುಂಬಿದ್ದಕ್ಕೆ, "ಮೆಣಸಿನಕಾಯಿ ಹೊಗಿ" ಎಂದರು. ಅಳಿಯನನ್ನು ಎಷ್ಟು ಬೈದರೂ ಅವರಿಗೆ ಪ್ರೀತಿ ಇಲ್ಲದಿರಲಿಲ್ಲ.

ಸಾರು ಬಡಿಸುತ್ತಿದ್ದ ಕಾವೇರಿಬಾಯಿ ಇದನ್ನೆಲ್ಲ ನೋಡಿದರು. ಪಡಸಾಲೆಯಿಂದ ಸೂರು ಕಾಣುತ್ತಿತ್ತು. ಸೂರಿನಲ್ಲಿ ಕಾರ್ಡು, ಕಾರ್ಡಿಗೆ ಮೂಲೆ ಇಲ್ಲ. ಅವರ ಕೈಯಲ್ಲಿನ ಸೌಟು ಒಂದು ಗಳಿಗೆ ನಿಂತಿತು. ಎಲೆಯ ಮುಂದೆ ತಮ್ಮ ಕೂತಿದ್ದ, ತಲೆ ಬಗ್ಗಿಸಿಕೊಂಡು, ಐದು ತಿಂಗಳಾದ ಮೇಲೆ ಮೊದಲ ಸಲ ಸ್ವಲ್ಪ ನಗುತ್ತ. ಕಾವೇರಿಬಾಯಿ ಸಾರು ಬಡಿಸಿದರು. ಪಲ್ಯ ಬಡಿಸಿದರು. ಪಾಯಸ ಎರಡು ಸಲ ಕೇಳಿ ಕೇಳಿ ಬಡಿಸಿದರು. ಬೀಗರು ಕೈತೊಳೆಯಲು ಎದ್ದೊಡನೆ ಪಾತ್ರೆ ಕೆಳಗಿಟ್ಟು, ಮುಂಬದಿಗೆ ಬಂದು ಸೂರಿನಿಂದ ಕಾರ್ಡು ಕಿತ್ತುಕೊಂಡು, ಮಡಿಸೀರೆಯಲ್ಲೇ, ಬರಿಗಾಲಲ್ಲೇ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಕಾರ್ಡನ್ನು ತಿರುವಿ ಸಹ ನೋಡಲಿಲ್ಲ.

ಬಸ್ಸಿನ ಕಂಡಕ್ಟರ್ ಉರುಕುಂದಪ್ಪ ಆಕೆಯ ಕೈಯಲ್ಲಿನ ಕಾರ್ಡು ನೋಡಿ ಟಿಕೀಟಿನ ಮಾತೇ ಎತ್ತಲಿಲ್ಲ. "ಮುಂದ ಕೂಡ್ರಿ ಯವ್ವಾ" ಎಂದು ಸೀಟು ಬಿಡಿಸಿಕೊಟ್ಟ. ಸಿರವಾರ ಬರುವತನಕ ಬಸ್ಸಿನಲ್ಲಿದ್ದ ಓದು ಬಲ್ಲವರೆಲ್ಲ ಒಬ್ಬೊಬ್ಬರಾಗಿ ಬಂದು, "ಕೊಡ್ರಿ ತಾಯಿ, ನಾ ಓದತೀನಿ" ಎಂದರು. ಆಕೆ ಕಾರ್ಡನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಓದು ಬಾರದವರು ಓದದೆಯೇ ಕಣ್ಣೀರು ಹಾಕಿದರು. ಸಿರವಾರದಲ್ಲಿ ಉರುಕುಂದಪ್ಪ ತಾನೇ ಇಳಿದು, ಆಕೆಯನ್ನು ಮಾನ್ವಿ ಬಸ್ಸಿಗೆ ಹತ್ತಿಸಿ, ಆ ಡ್ರೈವರನಿಗೆ, "ಎಲ್ಲೂ ನಿಲ್ಲಿಸಬ್ಯಾಡ" ಎಂದು ಹೇಳಿ ಕಳಿಸಿದ.

ಹೀಗೆ ಮೂರೂವರೆಗೆ ಕಾವೇರಿಬಾಯಿ ಬಂದಿಳಿದರು. ಅವರ ಹಿಂದೆ ಬಸ್ಸಿನ ಜನ, ಜನರ ಹಿಂದೆ ಬಸ್‌ಸ್ಟ್ಯಾಂಡಿನ ಜನ. ಮನೆಗೆ ಬೀಗ. ಆಕೆ ಕಟ್ಟೆಯ ಮೇಲೆ ಕುಸಿದು ಕೂತರು. ಅಂದು ಮಧ್ಯಾಹ್ನ ಡ್ರಾಯಿಂಗ್ ತಾಸಿಲ್ಲದ್ದರಿಂದ ಮನೆಯಲ್ಲಿದ್ದ ನಾನು ಗದ್ದಲ ಕೇಳಿ ಹೊರಗೆ ಬಂದೆ. ಕಾರ್ಡು ನೋಡಿದೆ. ಗುಂಡಗಿನ ಅಕ್ಷರ. ನನ್ನದೇ. ಕೆಳಗೆ ಮೂಲೆ ಇಲ್ಲ.

"ಏನೂ ಆಗಿಲ್ಲ ತಂಗಿ! ಮಾಸ್ತರು ಆರಾಮದಾರ" ಎಂದು ಕೂಗಿದೆ.

ಇದನ್ನು ಹೇಳಬಾರದಿತ್ತು. ಏನೋ ಆದ ಮನೆಯಲ್ಲಿ ಎಲ್ಲರೂ ಮೊದಲು ಹೇಳುವ ಮಾತೇ ಇದಲ್ಲವೇ? ಅದನ್ನು ಕೇಳಿದ್ದೇ ತಡ, ಅಲ್ಲಿಯತನಕ ಸುಮ್ಮನಿದ್ದ ಹೆಂಗಸರೆಲ್ಲ ಗೊಳೋ ಎಂದರು.

"ಅಯ್ಯೋ, ಬೆಳಿಗ್ಗೆ ನಾನೇ ನೋಡೀನ್ರಿ! ರಾಯಚೂರಿಗೆ ಹೋದ್ರು!" ಎಂದೆ.

ಅಷ್ಟರಲ್ಲಿ ಶಾಲೆಗೆ ಒಂದು ತಾಸು ಮೊದಲೇ ರಜೆ ಕೊಟ್ಟು, ಎರಡು ನಿಮಿಷ ಮೌನ ನಿಲ್ಲಿಸಿ, ಯಮನೂರಪ್ಪನವರು ಬಂದರು. "ರಾಯಚೂರಿಗೆ ಯಾತಕ್ಕ ಹೋಗತಾರ್ರಿ ಅಯ್ಯಣ್ಣ? ರಜಾ ಅರ್ಜಿಯೊಳಗ 'ತೀರಾ ಸ್ವಂತ ಕಾರಣ' ಅಂತ ಬರದಾರ. ದೊಡ್ಡ ದವಾಖಾನಿಗೆ ಹೋಗ್ಯಾರ" ಎಂದರು.

"ಆದರ ಈ ಕಾರ್ಡ್ ನಾ ಬರದದ್ದು, ಮೂರು ದಿನದ ಹಿಂದ!"

"ನೋಡ್ರಿ, ನಿಮಗ ಮೂರು ದಿನದಿಂದ ಗೊತ್ತಿತ್ತು!" ಎಂದು ಜನ ನನ್ನ ಮೇಲೆ ಬಿದ್ದರು. ಪಾರ್ವತೆಮ್ಮನೇ ನನ್ನನ್ನು ಎಂಥ ಕಣ್ಣಿನಿಂದ ನೋಡಿದಳೆಂದರೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಉಪ್ಪಿನಕಾಯಿ, ಭರಣಿ ಎಂದು ತೊದಲಿದೆ; ಆಘಾತದಿಂದ ಇವನಿಗೂ ತಲೆ ತಿರುಗಿದೆ ಎಂದರು. ಕೊನೆಗೆ ಕೈಮುಗಿದು, "ತಂಗಿ, ಆ ಕಾರ್ಡ್ ಕೊಡು, ಓದಿ ತೋರಸ್ತೀನಿ, ಎಲ್ಲಾ ಬಗಿಹರೀತದ" ಎಂದೆ.

ಕಾವೇರಿಬಾಯಿ ತಲೆಯೆತ್ತಿದರು. ಕಣ್ಣು ಒಣಗಿದ್ದವು. "ಯಾರೂ ಓದಬ್ಯಾಡ್ರಿ" ಎಂದರು. "ಓದೋ ತನಕಾ ನಮ್ಮನಿಯವರು ಅದಾರ. ಓದಿದ್ರ ಮುಗೀತು. ನಾ ಹಿಂಗ ಕೂಡತೀನಿ. ಕತ್ತಲಾದ್ರೂ ಕೂಡತೀನಿ, ನಾಳಿತನಕಾ ಕೂಡತೀನಿ. ಯಾರೂ ಓದಬ್ಯಾಡ್ರಿ."

ನಾನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡೆ. ಆ ಕಾರ್ಡಿನಲ್ಲಿ ಏನಿದೆಯೆಂದು ಗೊತ್ತಿದ್ದ ನನಗೇ ಅದನ್ನು ಓದಲು ಭಯವಾಯಿತು.

ಅದೇ ಹೊತ್ತಿಗೆ ಸತ್ತವರು ರಾಯಚೂರಿನಲ್ಲಿ ನೂರ್ ಬೀಯ ಅಂಗಡಿಯ ಮುಂದೆ ಶೇಂಗಾ ತಿನ್ನುತ್ತಿದ್ದರು. ಕಾರ್ಡಿಗೆ ಉತ್ತರ ಬರಲಿಲ್ಲವೆಂದು ಅವರಿಗೊಂದು ವಿಚಾರ ಹೊಳೆದಿತ್ತು. ತಮ್ಮ ಬದುಕಿನಲ್ಲಿ ಹರಿಯುವ ಮಾತುಗಳೇ ತುಂಬಿದ್ದರಿಂದ ಹೀಗಾಯಿತು, ಸಿ ಅಕ್ಷರದ ಹಾಳೆಗಳನ್ನು ತಂದು ಕೂಡಿಸುವ ಮಾತು ಕಲಿತರೆ ಎಲ್ಲ ಸರಿಹೋಗುತ್ತದೆ ಎಂದು. ನೂರ್ ಬೀ, "ಆ ಕಿತಾಬ್ ಖತಂ ಆತು ಮಾಸ್ತರ್ ಸಾಬ್. ಉಳಿದದ್ದು ಈ ಪೊಟ್ಟಣದಾಗ ಇದ್ರ ಅದ, ಇಲ್ಲಾಂದ್ರ ಇಲ್ಲ" ಎಂದಿದ್ದಳು. ಇವರು ಒಂದಾದ ಮೇಲೊಂದು ಹನ್ನೊಂದು ಪೊಟ್ಟಣ ಕೊಂಡು ಬಿಚ್ಚಿದರು. ಒಂದರಲ್ಲಿ ಸಿನೆಮಾ ಜಾಹೀರಾತು, ಒಂದರಲ್ಲಿ ಲೆಕ್ಕದ ಉತ್ತರ ಪತ್ರಿಕೆ, ಉಳಿದವುಗಳಲ್ಲಿ ಹಳೆಯ ಉರ್ದು ಅಖಬಾರು. ನೂರ್ ಬೀಗೆ ಪಾಪ ಎನಿಸಿತು. "ಏನು ಹುಡಕಾಕತ್ತೀರಿ?" ಎಂದಳು. ಇವರು ಹೇಳಿದರು. ಆಕೆ, "ಬೀವಿ ತವರಿಗೆ ಹೋಗ್ಯಾಳಂದ್ರ ಹೋಗಿ ಕರೀಬೇಕು. ಅದಕ್ಕ ಯಾ ಕಿತಾಬ್ ಬೇಕ್ರಿ?" ಎಂದು ಗದರಿಸಿ ಕಳಿಸಿದಳು.

ಐದೂಕಾಲಿಗೆ ಆಚಾರ್ಯರು ನಮ್ಮ ಓಣಿಯ ತುದಿಗೆ ಬಂದರು. ಜನಜಂಗುಳಿ. ಹಿಂದೆ ನಿಂತಿದ್ದ ಬಂಡಿಯ ಮಲ್ಲಯ್ಯನನ್ನು, "ಯಾರು ಹೋದ್ರೋ ಮಲ್ಲಯ್ಯ?" ಎಂದು ಕೇಳಿದರು.

ಮಲ್ಲಯ್ಯ ತಿರುಗದೆಯೇ, "ಲ್ಯಾಟಿನ್ ಮಾಸ್ತರರೀ. ಚಲೋ ಮನುಷ್ಯಾ ಪಾಪ. ಆದರ ಒಂದಿನಾನೂ ತಿಳಿಯೋ ಹಂಗ ಮಾತಾಡ್ಲಿಲ್ಲ ನೋಡ್ರಿ" ಎಂದ. ಆಮೇಲೆ ತಿರುಗಿದ. ಅಭ್ಯಾಸಬಲದಿಂದ "ನಮಸ್ಕಾರ್ರೀ ಮಾಸ್ತರ" ಎಂದು, ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಆಚಾರ್ಯರಿಗೆ ಅವನು ಹೇಳಿದ್ದು ತಲೆಗೆ ಹೋಗಲೇ ಇಲ್ಲ. ಅದೇ ಕ್ಷಣಕ್ಕೆ ಜನರ ನಡುವಿನಿಂದ, "ಓದಬ್ಯಾಡ್ರಿ ಅಂದೆನಲ್ಲ!" ಎಂಬ ದನಿ ಕೇಳಿತ್ತು. ಐದು ತಿಂಗಳಿಂದ ಬಸ್‌ಸ್ಟ್ಯಾಂಡಿಗೆ ಅಲೆದದ್ದು ಆ ದನಿಗಾಗಿ. ಸತ್ತವರು ಯಾರಾದರೇನು! ಜನರನ್ನು ಮೊಣಕೈಯಿಂದ ತಿವಿದು ದಾರಿ ಮಾಡಿಕೊಂಡು ಕಟ್ಟೆಯ ಮುಂದೆ ನಿಂತು, ಕನ್ನಡಕ ಸರಿಮಾಡಿಕೊಂಡು, "ಯಾವಾಗ ಬಂದಿ?" ಎಂದರು.

ಕಾವೇರಿಬಾಯಿ ನೋಡಿದರು. ಬಹಳ ಹೊತ್ತು ನೋಡಿದರು. ಎದ್ದು ಬಂದು ಅವರ ತೋಳು ಹಿಡಿದು, ಗಟ್ಟಿಯಾಗಿ ಚಿವುಟಿದರು. ಆಚಾರ್ಯರು "ಹಾ" ಎಂದರು. ಆಗ ಆಕೆಗೆ ಅಳು ಬಂತು. ಅಳುತ್ತಲೇ ಕಾರ್ಡನ್ನು ಅವರ ಕೈಗೆ ತುರುಕಿ, "ಓದ್ರಿ" ಎಂದರು.

ಆಚಾರ್ಯರು ಓದಿದರು. ಇಲ್ಲಿ ಕ್ಷೇಮ, ಕಾಲುವೆಗೆ ನೀರು, ಉಪ್ಪಿನಕಾಯಿ ಭರಣಿ. ಓಣಿಯೆಲ್ಲ ಹೋ ಎಂದು ನಕ್ಕಿತು. "ನಾ ಹೇಳಿದ್ದೆನೋ ಇಲ್ಲೋ!" ಎಂದು ನಾನು ನಾಲ್ಕು ಜನರಿಗೆ ಹೇಳಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಯಮನೂರಪ್ಪನವರು ರಜೆಯನ್ನು ಹೇಗೆ ರದ್ದು ಮಾಡುವುದೆಂದು ಚಿಂತಿಸತೊಡಗಿದರು.

ಅಷ್ಟರಲ್ಲಿ ಮುಂದಿನ ಬಸ್ಸಿನಿಂದ ವೆಂಕೋಬಾಚಾರ್ಯರು ಬಂದರು. ತಾಂಬೂಲ ಬದಲಾಗಿ ಹನುಮಂತನ ಲಗ್ನ ನಿಶ್ಚಯವಾಗಿತ್ತು. ಕಾರ್ಡು ಓದಲು ಹೊರಗೆ ಬಂದರೆ ಕಾರ್ಡೂ ಇಲ್ಲ, ಮಗಳೂ ಇಲ್ಲ. ದಾರಿಯುದ್ದಕ್ಕೂ ಅತ್ತು ಮುಖ ಬಾತಿತ್ತು. ಎದುರಿಗೆ ಅಳಿಯ ಶೇಂಗಾ ಸಿಪ್ಪೆ ಮೆತ್ತಿದ ಅಂಗಿಯಲ್ಲಿ ನಿಂತದ್ದು ಕಂಡು ಮುದುಕರು ಕಟ್ಟೆ ಹಿಡಿದುಕೊಂಡರು. ಮೊದಲು "ಕೃಷ್ಣಾ" ಎಂದರು. ಆಮೇಲೆ ಸಿಟ್ಟು ಬಂತು.

"ಮೂಲಿ ಯಾಕ ಹರದ್ರಿ?"

"ಅಲ್ಲೊಂದು ಮಾತು ಬರದಿದ್ದೆ."

"ಬರದವರು ಹರಿಯೋದ್ಯಾಕ?"

"ನೀವು ಎಲ್ಲಾರ ಮುಂದ ಓದ್ತೀರಿ ಅಂತ."

ಮುದುಕರು ಉಸಿರು ಬಿಟ್ಟರು. "ಕಾವೇರಿ, ನಡಿ. ಆರೂವರಿಗೆ ಬಸ್ಸದ" ಎಂದು ಮಗಳ ಕಡೆ ತಿರುಗಿದರು. "ಐದು ತಿಂಗಳಾತು. ಹೆಣ್ಣ ಕೊಟ್ಟವರ ಮನಿಗೆ ಬಂದು 'ಕಳಿಸ್ರಿ' ಅಂತ ಒಂದು ಮಾತು ಕೇಳಲಿಲ್ಲ ಈ ಮನುಷ್ಯ. ಕೇಳದ ನಾ ಹೆಂಗ ಕಳಿಸ್ಲಿ? ನಮ್ಮ ಮಗಳು ಹೆಚ್ಚಾಗಿಲ್ಲ ನಮಗ."

ಕಾವೇರಿಬಾಯಿ ಕದಲಲಿಲ್ಲ. ಅಪ್ಪನನ್ನೂ ನೋಡಲಿಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದರು. ಆಚಾರ್ಯರು ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದು, "ದಿ..." ಎಂದರು.

"ಮಾಸ್ತರ! ಕನ್ನಡದಾಗ!" ಎಂದು ಪಾರ್ವತೆಮ್ಮ ಕಿರುಚಿದಳು.

ಆಚಾರ್ಯರು ಕನ್ನಡಕ ತೆಗೆದರು. ತೆಗೆದರೆ ಅವರಿಗೆ ಎದುರಿಗಿದ್ದ ನೂರು ಜನ ಕಾಣುವುದಿಲ್ಲ, ಹತ್ತಿರ ನಿಂತವರು ಮಾತ್ರ ಕಾಣುತ್ತಾರೆ. ಇಡೀ ಓಣಿಗೆ ಕೇಳುವಂತೆ ಹೇಳಿದರು: "ನೀ ಇಲ್ಲದ ನನಗ ಆಗಂಗಿಲ್ಲ. ಮನಿಯೊಳಗ ಕೂಡಲಿಕ್ಕೆ ಆಗಂಗಿಲ್ಲ, ಉಣ್ಣಲಿಕ್ಕೆ ಆಗಂಗಿಲ್ಲ. ಮಾವನವರ, ಕೈಮುಗೀತೀನಿ, ಈಕೀನ್ನ ಬಿಟ್ಟುಹೋಗ್ರಿ."

ವೆಂಕೋಬಾಚಾರ್ಯರು ಧೋತರದ ಚುಂಗಿನಿಂದ ಮೂಗು ಒರೆಸಿಕೊಂಡು, ಬಂದ ದಾರಿಗೆ ತಿರುಗಿ ಬಸ್‌ಸ್ಟ್ಯಾಂಡಿನ ಕಡೆ ಒಬ್ಬರೇ ನಡೆದರು.

ಕಾವೇರಿಬಾಯಿ ಅಲ್ಲೇ ನಿಂತಿದ್ದರು.

"ಇನ್ನೊಮ್ಮೆ ಹೇಳ್ರಿ" ಎಂದರು.

"ಕೇಳಸ್ಲಿಲ್ಲೇನು?"

"ಕೇಳಿಸ್ತು. ಇನ್ನೊಮ್ಮೆ ಹೇಳ್ರಿ."